ಹಿರಿಯಡ್ಕದ ಅಂಗಳ ಬೊಂಬಾಯಿಗೆ ಕಾಣಬೇಕಿತ್ತು

ಹಿರಿಯಡ್ಕದ ನಮ್ಮ ಮನೆಗೆ ನಾಲ್ಕು ಕ್ಯಾಮೆರಾ. ಒಂದು ಗೇಟಿಗೆ, ಒಂದು ಅಡಿಕೆ ಒಣಹಾಕುವ ಅಂಗಳಕ್ಕೆ, ಒಂದು ಹಟ್ಟಿಯ ಬದಿಗೆ, ಇನ್ನೊಂದು ಹಿಂಬಾಗಿಲಿಗೆ. ಅಪ್ಪ ಇದ್ದಾಗ ಹಾಕಿಸಿದ್ದು. ಈಗ ಮನೆಯಲ್ಲಿ ಅಮ್ಮ ಒಬ್ಬರೇ. ನಾನು ಮಂಗಳೂರಿನ ಬಿಜೈಯಲ್ಲಿ, ಅಣ್ಣ ಬೊಂಬಾಯಿಯಲ್ಲಿ. ಇಬ್ಬರೂ ಫೋನಿನಲ್ಲಿ ಆಪ್ ತೆರೆದು ಆಗಾಗ ನೋಡಿಕೊಳ್ಳುತ್ತಿದ್ದೆವು. ಹೋದ ವರ್ಷ ಡಿವಿಆರ್ (ಕ್ಯಾಮೆರಾಗಳ ಚಿತ್ರ ದಾಖಲಿಸುವ ಪೆಟ್ಟಿಗೆ) ಕಂಪನಿಯವರು ಹಳೆಯ ಮಾಡೆಲ್‌ಗಳಿಗೆ ಕ್ಲೌಡ್ ಸೇವೆ ನಿಲ್ಲಿಸಿದರು. ಆಪ್ ತೆರೆದರೆ ನಾಲ್ಕೂ ಚೌಕ ಕಪ್ಪು, ಮೇಲೆ ‘ಡಿವೈಸ್ ಆಫ್‌ಲೈನ್’. ಮನೆಯ ಟಿವಿಯಲ್ಲಿ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ಕ್ಯಾಮೆರಾ ಹಾಕಿದ ಹುಡುಗನಿಗೆ ಫೋನ್ ಮಾಡಿದರೆ, “ಅದು ಹಳತಾಯ್ತು ಅಕ್ಕಾ, ಹೊಸ ಡಿವಿಆರ್ ಹಾಕುವ” ಎಂದ. ಹಾರ್ಡ್ ಡಿಸ್ಕ್ ಬದಲಾಯಿಸಿ ವರ್ಷ ಆಗಿರಲಿಲ್ಲ, ಕ್ಯಾಮೆರಾಗಳಿಗೂ ಏನೂ ಆಗಿರಲಿಲ್ಲ. ಎಲ್ಲಿಯೋ ಇರುವ ಸರ್ವರ್ ನಿಂತಿತೆಂದು ನಮ್ಮ ಮನೆಯ ಸಾಮಾನು ಬಿಸಾಡುವುದು ನನಗೆ ಸರಿಕಾಣಲಿಲ್ಲ. ಅಷ್ಟರಲ್ಲಿ ಅಣ್ಣ ಯಾರಿಂದಲೋ ಕೇಳಿಕೊಂಡು ಬಂದ: “ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದ್ರೆ ಕಂಪನಿಯ ಹಂಗೇ ಬೇಡಂತೆ. ನೀನೊಮ್ಮೆ ಊರಿಗೆ ಹೋದಾಗ ನೋಡು.” ನಮ್ಮ ಕಡೆ ಅಣ್ಣಂದಿರು ಹೀಗೆಯೇ; ಸಲಹೆ ಬೊಂಬಾಯಿಯದ್ದು, ಕೆಲಸ ಊರಲ್ಲಿ ಇದ್ದವರದ್ದು.

ಆಪ್ ಇಷ್ಟು ವರ್ಷ ಹೇಗೆ ನಡೆಯುತ್ತಿತ್ತೆಂದು ಮೊದಲು ಓದಿ ತಿಳಿದುಕೊಂಡೆ. ಡಿವಿಆರ್ ತಾನಾಗಿ ಕಂಪನಿಯ ಸರ್ವರಿಗೆ ಸಂಪರ್ಕ ಮಾಡಿ ಅದನ್ನು ಕಡಿಯದೆ ಇಟ್ಟುಕೊಂಡಿರುತ್ತದೆ. ನಮ್ಮ ಫೋನೂ ಅಲ್ಲಿಗೇ ಹೋಗುತ್ತದೆ. ಎರಡಕ್ಕೂ ಪರಿಚಯ ಮಾಡಿಸುವುದು ಆ ಸರ್ವರಿನ ಕೆಲಸ. ಒಳಗಿನಿಂದ ಹೊರಗೆ ಹೋಗುವ ಸಂಪರ್ಕಕ್ಕೆ ರೂಟರಿನ ತಕರಾರಿಲ್ಲ. ಹೊರಗಿನಿಂದ ಕರೆಯದೆ ಬಂದದ್ದನ್ನು ಮಾತ್ರ ಅದು ಬಿಟ್ಟುಕೊಳ್ಳುವುದಿಲ್ಲ. ಮನೆಯೊಳಗೆ ಟಿವಿ, ಫೋನು, ಡಿವಿಆರ್ ಎಲ್ಲ ಇರುವಾಗ ಬಂದದ್ದನ್ನು ಯಾರಿಗೆ ಕೊಡಬೇಕೆಂದು ಅದಕ್ಕೆ ಗೊತ್ತಿರುವುದಿಲ್ಲ. ಈ ನಂಬರಿಗೆ, ಅಂದರೆ ಈ ಪೋರ್ಟಿಗೆ, ಬಂದದ್ದನ್ನು ಈ ಯಂತ್ರಕ್ಕೆ ಕೊಡು ಎಂದು ರೂಟರಿನಲ್ಲಿ ರೂಲ್ ಬರೆದಿಡುವುದೇ ಪೋರ್ಟ್ ಫಾರ್ವರ್ಡಿಂಗ್. ಹಿಕ್‌ವಿಷನ್ ಡಿವಿಆರ್‌ಗಳಲ್ಲಿ ಆ ನಂಬರ್ ಸಾಮಾನ್ಯವಾಗಿ 8000, ದಾಹುವಾ ಮಾದರಿಯವುಗಳಲ್ಲಿ 37777. ಬ್ರೌಸರಿನಲ್ಲಿ ನೋಡುವುದಕ್ಕೆ 80, ವಿಡಿಯೋ ಸ್ಟ್ರೀಮನ್ನು ನೇರ ಎಳೆಯುವುದಕ್ಕೆ 554. ನಮ್ಮದರಲ್ಲಿ ಆಪ್ ಕೇಳುವುದು 37777 ಒಂದನ್ನೇ. ಅಷ್ಟು ಸಾಕಾದರೆ ಉಳಿದದ್ದನ್ನು ಮುಟ್ಟಬಾರದು ಎಂದು ಅಲ್ಲಿಯೇ ತೀರ್ಮಾನಿಸಿದೆ.

ಶನಿವಾರ ಮಧ್ಯಾಹ್ನದ ಎಕ್ಸ್‌ಪ್ರೆಸ್ ಹಿಡಿದು ಉಡುಪಿ, ಅಲ್ಲಿಂದ ಬಸ್ಸು ಬದಲಿಸಿ ಮಣಿಪಾಲ, ಪರ್ಕಳ ದಾಟಿ ಊರು. ಕಾಫಿ ಕುಡಿದು ಡಿವಿಆರಿನ ಮುಂದೆ ಕೂತೆ. ಅದಕ್ಕೊಂದು ಖಾಯಂ ಐಪಿ, ಅಂದರೆ ನೆಟ್‌ವರ್ಕಿನೊಳಗಿನ ವಿಳಾಸ, ಕೊಡಬೇಕು. ರೂಟರ್ ತನಗೆ ತೋಚಿದ ಹಾಗೆ ವಿಳಾಸ ಹಂಚುತ್ತಿದ್ದರೆ, ಒಮ್ಮೆ ಕರೆಂಟ್ ಹೋಗಿ ಬರುವಾಗ ಡಿವಿಆರಿನ ವಿಳಾಸ ಟಿವಿಗೆ ಹೋಗಬಹುದು, ನಮ್ಮ ರೂಲ್ ಟಿವಿಯನ್ನು ತೋರಿಸುತ್ತಾ ನಿಲ್ಲಬಹುದು. ಡಿವಿಆರಿಗೆ ಕೀಬೋರ್ಡ್ ಇಲ್ಲ, ಮೌಸ್ ಮಾತ್ರ. ತೆರೆಯ ಮೇಲೆ ಮೂಡುವ ಸಣ್ಣ ಕೀಲಿಮಣೆಯಲ್ಲಿ ಒಂದೊಂದೇ ಅಂಕಿಯನ್ನು ಒತ್ತಬೇಕು. 192.168.1.200 ಎಂದು ಕೊಟ್ಟೆ. ರೂಟರ್ ಹಂಚುವ ಸಾಲು 150ಕ್ಕೆ ಮುಗಿಯುತ್ತಿದ್ದುದರಿಂದ 200 ಯಾರಿಗೂ ತಾಗದ ನಂಬರು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಡಿಎಚ್‌ಸಿಪಿಯ (ರೂಟರಿನಿಂದ ತಾನಾಗಿ ವಿಳಾಸ ಪಡೆಯುವ ಏರ್ಪಾಡು) ಟಿಕ್ ತೆಗೆದ ಕೂಡಲೇ ಗೇಟ್‌ವೇ (ಹೊರಗೆ ಹೋಗುವ ದಾರಿ) ಎಂಬಲ್ಲಿ ಕಾರ್ಖಾನೆಯಿಂದ ಬಂದ ಯಾವುದೋ ನಂಬರ್ ಬಂದು ಕೂತಿತು. ಅದು ನಮ್ಮ ರೂಟರಿನದ್ದೇ ಆಗಿರಬೇಕು, ಅಂದರೆ 192.168.1.1. ತಪ್ಪಾಗಿದ್ದರೂ ಮನೆಯೊಳಗೆ ಎಲ್ಲ ಚೆನ್ನಾಗಿ ಕಾಣುತ್ತದೆ, ಅದೇ ಮೋಸ. ಹೊರಗಿನಿಂದ ಪ್ರಶ್ನೆ ಬಂದಾಗ ಡಿವಿಆರಿಗೆ ಉತ್ತರ ಕಳಿಸುವ ದಾರಿ ಸಿಗುವುದಿಲ್ಲ, ನಾವು ರೂಟರಿನ ಮೇಲೆ ಸಿಟ್ಟು ಮಾಡುತ್ತಾ ಕೂರುತ್ತೇವೆ.

ಆಮೇಲೆ ರೂಟರ್. ಅಂದರೆ ಕೇಬಲಿನವರು ಫೈಬರ್ ಎಳೆದಾಗ ಗೋಡೆಗೆ ಹೊಡೆದುಹೋದ ಬಿಳಿ ಪೆಟ್ಟಿಗೆ, ಒಎನ್‌ಟಿ. ಅದರ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಪಾಸ್‌ವರ್ಡ್ ಇರುತ್ತದೆ. ಪೆಟ್ಟಿಗೆ ಗೋಡೆಯಿಂದ ತೆಗೆದರೆ ಹಿಂದೆ ಹಲ್ಲಿಯ ಎರಡು ಮೊಟ್ಟೆ, ಚೀಟಿಯ ಅರ್ಧ ಬರಹ ಮಾಸಿ ಹೋಗಿತ್ತು. “ಅದನ್ನು ಒಡೀಬೇಡ ಮಗಾ” ಎಂದರು ಅಮ್ಮ. ಮೊಟ್ಟೆಯೋ ಪೆಟ್ಟಿಗೆಯೋ ಎಂದು ಕೇಳಲಿಲ್ಲ. ಟಾರ್ಚ್ ಹಿಡಿದು ಓದಿ ಲಾಗಿನ್ ಆಯಿತು. ಪೋರ್ಟ್ ಫಾರ್ವರ್ಡಿಂಗ್ ಎಂಬ ಹೆಸರಿನ ಪುಟ ಅದರಲ್ಲಿ ಇಲ್ಲವೇ ಇಲ್ಲ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ: ವರ್ಚುವಲ್ ಸರ್ವರ್, ಪೋರ್ಟ್ ಮ್ಯಾಪಿಂಗ್, ನ್ಯಾಟ್ ಫಾರ್ವರ್ಡಿಂಗ್. ನಮ್ಮದರಲ್ಲಿ ವರ್ಚುವಲ್ ಸರ್ವರ್. ಹೊರಗಿನ ಪೋರ್ಟ್ 37777, ಒಳಗಿನ ಪೋರ್ಟ್ 37777, ಪ್ರೊಟೊಕಾಲ್ (ಡೇಟಾ ಕಳಿಸುವ ರೀತಿ) ಟಿಸಿಪಿ, ಒಳಗಿನ ವಿಳಾಸ 192.168.1.200, ಸೇವ್. ಇಷ್ಟಕ್ಕೆ ಹತ್ತು ನಿಮಿಷ ಬೇಡ.

ಪರೀಕ್ಷೆ ಮಾಡುವಾಗ ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿಯೇ ನೋಡಬೇಕು. ಮನೆಯ ವೈಫೈಯಲ್ಲಿ ಕೂತು ಮನೆಯದ್ದೇ ಹೊರವಿಳಾಸಕ್ಕೆ ಹೋದರೆ ಕೆಲವು ರೂಟರ್‌ಗಳು ವಾಪಸು ತಿರುಗಿಸಿ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಎರಡರಲ್ಲಿಯೂ ನಿಜ ಗೊತ್ತಾಗುವುದಿಲ್ಲ. ನಮ್ಮ ಮನೆಯೊಳಗೆ ಮೊಬೈಲಿಗೆ ರೇಂಜ್ ಇಲ್ಲ, ಮುರಕಲ್ಲಿನ ದಪ್ಪ ಗೋಡೆ. ಬಾವಿಕಟ್ಟೆಯ ಹತ್ತಿರ ಎರಡು ಕಡ್ಡಿ ಬರುತ್ತದೆ. ಅಲ್ಲಿ ನಿಂತು ಆಪಿಗೆ ಹೊರಗಿನ ಐಪಿ ಹಾಕಿ ಒತ್ತಿದರೆ ತಿರುಗುತ್ತಾ ತಿರುಗುತ್ತಾ ‘ಕನೆಕ್ಷನ್ ಟೈಮ್‌ಔಟ್’. ಪೋರ್ಟ್ ತೆರೆದಿದೆಯೋ ಇಲ್ಲವೋ ನೋಡಿ ಹೇಳುವ ಸೈಟುಗಳಿವೆ, ಅವೂ ‘ಕ್ಲೋಸ್ಡ್’ ಎಂದವು. ರೂಲ್ ಅಳಿಸಿ ಮತ್ತೆ ಹಾಕಿದೆ. ಒಎನ್‌ಟಿಯ ಫೈರ್‌ವಾಲ್ ಕಡಿಮೆ ಮಾಡಿ ನೋಡಿದೆ, ಮತ್ತೆ ಮೊದಲಿನಂತೆ ಇಟ್ಟೆ. ಏನೂ ಇಲ್ಲ.

ಉತ್ತರ ಇದ್ದದ್ದು ಒಎನ್‌ಟಿಯ ಸ್ಟೇಟಸ್ ಪುಟದಲ್ಲಿ. ಅಲ್ಲಿ ವ್ಯಾನ್ ಐಪಿ (ರೂಟರಿನ ಹೊರಬದಿಯ ವಿಳಾಸ) ಎಂದು 100.72ರಿಂದ ಶುರುವಾಗುವ ನಂಬರ್ ಇತ್ತು. ‘ನನ್ನ ಐಪಿ ಯಾವುದು’ ಎಂದು ಅದೇ ವೈಫೈಯಲ್ಲಿ ಹುಡುಕಿದರೆ ಬರುವುದು 103ರಿಂದ ಶುರುವಾಗುವ ಬೇರೆಯೇ ನಂಬರ್. ಇವೆರಡು ಒಂದೇ ಆಗಿರಬೇಕು. ಆಗಿಲ್ಲವೆಂದರೆ ನಮ್ಮ ರೂಟರಿಗೂ ಇಂಟರ್ನೆಟ್ಟಿಗೂ ನಡುವೆ ಇನ್ನೊಂದು ರೂಟರ್ ಇದೆ, ಅದು ಕೇಬಲಿನವರ ಕೈಯಲ್ಲಿದೆ ಎಂದು ಅರ್ಥ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಒಂದೇ ಮನೆ ನಂಬರಿನ ದೊಡ್ಡ ವಠಾರದಲ್ಲಿ ಇದ್ದ ಹಾಗೆ: ನಮ್ಮ ಕೋಣೆಯ ಬಾಗಿಲು ನಾವು ಎಷ್ಟು ತೆರೆದಿಟ್ಟರೂ ಹೊರಗಿನ ಗೇಟಿನ ಬೀಗದ ಕೈ ನಮ್ಮಲ್ಲಿಲ್ಲ.

ಇದನ್ನು ಕೇಬಲಿನವರು ಹಟಕ್ಕೆ ಮಾಡಿದ್ದಲ್ಲ. ಹಳೆಯ ಮಾದರಿಯ ಐಪಿ ವಿಳಾಸ, ಐಪಿವಿ4, ಒಟ್ಟು ಇರುವುದೇ ಸುಮಾರು 429 ಕೋಟಿ. ಜಗತ್ತಿನ ಸಾಮಾನ್ಯ ದಾಸ್ತಾನು 2011ರ ಫೆಬ್ರವರಿಯಲ್ಲಿ ಖಾಲಿಯಾಯಿತು. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಹಂಚುವ ಎಪಿನಿಕ್ ಅದೇ ಏಪ್ರಿಲ್‌ನಿಂದ ಕೊನೆಯ ಕಟ್ಟನ್ನು ಚೂರು ಚೂರೇ ಕೊಡಲು ಶುರುಮಾಡಿತು. ಊರೂರಿಗೆ ಫೈಬರ್ ಎಳೆದ ಸಣ್ಣ ಕಂಪನಿಗಳು ಬಂದದ್ದು ಅದರ ನಂತರ, ಪಂಕ್ತಿ ಎದ್ದ ಮೇಲೆ. ಹಾಗಾಗಿ ಒಂದು ವಿಳಾಸವನ್ನು ಹತ್ತಾರು ಮನೆಗೆ ಹಂಚುತ್ತಾರೆ. ಅದಕ್ಕೆಂದೇ 2012ರಲ್ಲಿ 100.64.0.0ಯಿಂದ 100.127.255.255ರವರೆಗಿನ ಸಾಲನ್ನು ಮೀಸಲಿಟ್ಟರು. ನಿಮ್ಮ ರೂಟರಿನ ವ್ಯಾನ್ ಐಪಿ ಆ ಸಾಲಿನಲ್ಲಿದ್ದರೆ ವರ್ಚುವಲ್ ಸರ್ವರ್ ಪುಟ ತೆರೆಯುವ ಶ್ರಮವೇ ಬೇಡ. 10ರಿಂದಲೋ 192.168ರಿಂದಲೋ ಶುರುವಾದರೂ ಅದೇ ಕಥೆ. ಈ ವಿಷಯದ ಎಷ್ಟೋ ವಿಡಿಯೋ ನೋಡಿದೆ, ಎಲ್ಲವೂ ರೂಲ್ ಹಾಕುವುದರಿಂದಲೇ ಶುರು. ನನ್ನನ್ನು ಕೇಳಿದರೆ ವ್ಯಾನ್ ಐಪಿಯಿಂದ ಶುರುವಾಗಬೇಕು.

ಡಿಡಿಎನ್‌ಎಸ್ ಹಾಕು ಎಂದು ಆಫೀಸಿನಲ್ಲಿ ಒಬ್ಬರು ಹೇಳಿದರು. ಐಪಿ ಆಗಾಗ ಬದಲಾಗುವವರಿಗೆ ಅದು ಒಳ್ಳೆಯದೇ, ನಂಬರ್ ಬದಲಾದರೂ ಹೆಸರು ಹಿಂಬಾಲಿಸುತ್ತದೆ. ಆದರೆ ನಂಬರೇ ನಮ್ಮದಲ್ಲದಾಗ ಹೆಸರಿಟ್ಟುಕೊಂಡು ಏನು ಮಾಡುವುದು? ಹೊಸ ಮಾದರಿಯ ವಿಳಾಸ, ಐಪಿವಿ6, ಇದ್ದರೆ ಈ ರಗಳೆ ತಪ್ಪುತ್ತದೆ, ಅದರಲ್ಲಿ ವಿಳಾಸಕ್ಕೆ ಬರವಿಲ್ಲ. ನಮ್ಮ ಲೈನಿಗೆ ಅದನ್ನು ಕೊಟ್ಟಿರಲಿಲ್ಲ, ಡಿವಿಆರಿಗೂ ಅದು ತಿಳಿಯದು. ಉಳಿದದ್ದು ನಮ್ಮ ಮನೆಗೆಂದೇ ಇರುವ, ಬದಲಾಗದ ಸ್ಟ್ಯಾಟಿಕ್ ಐಪಿ ಕೇಳಿ ಪಡೆಯುವುದು. ಕೇಬಲಿನವರ ಆಫೀಸಿಗೆ ಫೋನ್ ಮಾಡಿದೆ.

“ಮನೆಗೆ ಎಂತಕ್ಕೆ ಅಕ್ಕಾ ಸ್ಟ್ಯಾಟಿಕ್ ಐಪಿ? ಅದು ಆಫೀಸಿನವ್ರು ತಗೊಳ್ಳುದು.”

“ಕ್ಯಾಮೆರಾ ನೋಡ್ಲಿಕ್ಕೆ.”

“ಅದು ಆಪ್ ಹಾಕಿದ್ರೆ ಬರ್ತದಲ್ವಾ?”

“ಆಪ್ ನಿಂತಿದೆ.”

“ಸರ್ ಉಂಟಾ ಮನೆಯಲ್ಲಿ? ಅವ್ರಿಗೊಮ್ಮೆ ಕೊಡಿ, ನಾನು ಹೇಳ್ತೇನೆ.”

“ಸರ್ ಇಲ್ಲ, ನನಗೇ ಹೇಳಿ. ವ್ಯಾನ್ ಐಪಿ 100.72 ಬರ್ತಾ ಉಂಟು. ನಮ್ಮನ್ನು ಸಿಜಿನ್ಯಾಟ್‌ನಲ್ಲಿ ಹಾಕಿದ್ದೀರಿ ಅಲ್ವಾ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹೌದು ಅಕ್ಕಾ. ಟೆಕ್ನಿಕಲ್‌ನವರಿಗೆ ಹೇಳ್ತೇನೆ.” ಅಲ್ಲಿಂದ ಮುಂದೆ ಹುಡುಗ ತುಂಬ ಮರ್ಯಾದೆಯಿಂದಲೇ ನಡೆದುಕೊಂಡ. ವರ್ಷಕ್ಕೆ ಒಮ್ಮೆ ಕಟ್ಟಬೇಕು, ಜಿಎಸ್‌ಟಿ ಸೇರಿ ನಮ್ಮ ಎರಡು ತಿಂಗಳ ಇಂಟರ್ನೆಟ್ ಬಿಲ್ಲಿನಷ್ಟು. ಆಧಾರ್ ಪ್ರತಿ, ಅಮ್ಮನ ಸಹಿ. ಅಮ್ಮ ಸಹಿ ಹಾಕುವ ಮೊದಲು, “ಇದು ಸಾಲದ ಕಾಗದ ಅಲ್ಲ ತಾನೇ?” ಎಂದು ಎರಡೂ ಬದಿ ತಿರುಗಿಸಿ ನೋಡಿದರು.

ಕೆಲಸ ಆಗುವಾಗ ಒಂದಷ್ಟು ದಿನ ಹಿಡಿಯಿತು. ಆಯಿತೆಂದು ಮೆಸೇಜ್ ಬಂದ ಮೇಲೂ ವ್ಯಾನ್ ಐಪಿ ಹಳೆಯದೇ ಇತ್ತು. ಅಮ್ಮನಿಗೆ ಫೋನಿನಲ್ಲಿ ಹೇಳಿ ಒಎನ್‌ಟಿ ಆಫ್ ಮಾಡಿಸಿ ಆನ್ ಮಾಡಿಸಿದಾಗ ಹೊಸದು ಹಿಡಿಯಿತು. ಬಿಜೈಯಲ್ಲಿ ಕೂತು ಒತ್ತಿದೆ. ಗೇಟು, ಅಂಗಳ, ಹಟ್ಟಿ, ಹಿಂಬಾಗಿಲು, ನಾಲ್ಕೂ ಬಂದವು. ಅಂಗಳದಲ್ಲಿ ಅಮ್ಮ ಕಾಲಿನಿಂದ ಅಡಿಕೆ ಹರಗುತ್ತಿದ್ದರು. ಅಣ್ಣನಿಗೆ ಐಪಿಯನ್ನೂ ಪಾಸ್‌ವರ್ಡನ್ನೂ ಹೇಳಿದೆ, ಅವನಿಗೂ ಬಂತು. ಮೊದಲಿಗೆ ಚಿತ್ರ ನಿಂತು ನಿಂತು ಬರುತ್ತಿತ್ತು. ಆಪಿನಲ್ಲಿ ಮೇನ್ ಸ್ಟ್ರೀಮ್ ಬಿಟ್ಟು ಸಬ್ ಸ್ಟ್ರೀಮ್ (ಕಡಿಮೆ ಸ್ಪಷ್ಟತೆಯ ಚಿತ್ರ) ಆಯ್ದರೆ ಸರಿಯಾಯಿತು. ಫೋನಿನ ತೆರೆಗೆ ಅಷ್ಟು ಸಾಕು. ಹೊರಗಿನಿಂದ ನೋಡುವಾಗ ಲೆಕ್ಕಕ್ಕೆ ಬರುವುದು ಮನೆಯ ಅಪ್‌ಲೋಡ್ ವೇಗ, ಡೌನ್‌ಲೋಡ್ ಅಲ್ಲ.

ಸಂಜೆ ಫೋನಿನಲ್ಲಿ ಅಮ್ಮ ಕೇಳಿದರು: “ಈಗ ಯಾರಿಗೆಲ್ಲ ಕಾಣ್ತದೆ?”

“ನನಗೆ, ಅಣ್ಣನಿಗೆ.”

“ಅಷ್ಟೇ ಅಲ್ವಾ?”

ಹೌದೆಂದೆ. ಹೇಳಿ ಫೋನಿಟ್ಟ ಮೇಲೆ, ಅಷ್ಟೇ ಎಂದು ನನಗೆ ಹೇಗೆ ಗೊತ್ತು ಎಂದು ಅನಿಸಿತು. ಮುಂದಿನ ಸಲ ಊರಿಗೆ ಹೋದಾಗ ಡಿವಿಆರಿನ ಲಾಗ್ ತೆರೆದೆ. ಮೆನುವಿನ ತಳದಲ್ಲಿ ಎಲ್ಲಿಯೋ ಇರುತ್ತದೆ, ಸಾಮಾನ್ಯವಾಗಿ ಯಾರೂ ಅಲ್ಲಿಗೆ ಹೋಗುವುದಿಲ್ಲ. ಪುಟಕ್ಕೆ ಪುಟ ಲಾಗಿನ್ ವಿಫಲವಾದ ಸಾಲುಗಳು. ಒಂದೊಂದು ಸಾಲಿಗೆ ಗಂಟೆ, ಬಂದವರ ಐಪಿ, ಪ್ರಯತ್ನಿಸಿದ ಯೂಸರ್ ಹೆಸರು. ನಡುರಾತ್ರಿ, ಬೆಳಗಿನ ಜಾವ, ಮಧ್ಯಾಹ್ನದ ಊಟದ ಹೊತ್ತು, ಹೊತ್ತುಗೊತ್ತೆಂದಿಲ್ಲ. ಐಪಿಗಳನ್ನು ಹುಡುಕಿದರೆ ಒಂದೊಂದು ಒಂದೊಂದು ದೇಶದ್ದು. ಯೂಸರ್ ಹೆಸರಿನ ಜಾಗದಲ್ಲಿ ಅಡ್ಮಿನ್, ರೂಟ್, 888888, 666666.

ಆ ಆರಂಕಿಗಳ ಹಿಂದೆ ಹೋದಾಗ 2016ರ ಮಿರೈ ಕಥೆ ಸಿಕ್ಕಿತು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಹಾಗೆಯೇ ಉಳಿದ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ಹುಡುಕಿ ಹಿಡಿಯುತ್ತಿದ್ದ ಪ್ರೋಗ್ರಾಮ್ ಅದು. ಅದರ ಕೈಯಲ್ಲಿ ಇದ್ದದ್ದು ಅರುವತ್ತು ಚಿಲ್ಲರೆ ಯೂಸರ್-ಪಾಸ್‌ವರ್ಡ್ ಜೋಡಿ ಮಾತ್ರ. 888888, 666666 ಎರಡೂ ಆ ಪಟ್ಟಿಯಲ್ಲಿವೆ. ಅಷ್ಟರಲ್ಲೇ ಲಕ್ಷಾಂತರ ಯಂತ್ರಗಳು ವಶವಾದವು. ಆ ಅಕ್ಟೋಬರ್ 21ರಂದು ಅವುಗಳಲ್ಲಿ ಬಹಳಷ್ಟನ್ನು ಒಟ್ಟಿಗೆ, ವೆಬ್‌ಸೈಟಿನ ಹೆಸರಿಗೆ ಅದರ ಐಪಿ ಹುಡುಕಿಕೊಡುವ ಡಿನ್ ಎಂಬ ಅಮೆರಿಕದ ಕಂಪನಿಯ ಮೇಲೆ ಬಿಟ್ಟಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವು ಎಷ್ಟೋ ಜನರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಮಿರೈಯ ಕೋಡನ್ನು ಬರೆದವರೇ ಅದಕ್ಕೂ ಮೊದಲೇ ಎಲ್ಲರಿಗೂ ಸಿಗುವಂತೆ ಹಾಕಿದ್ದರು, ಹಾಗಾಗಿ ಅದರ ಸಂತತಿ ಈಗಲೂ ಓಡಾಡುತ್ತಿದೆ. ಹಿರಿಯಡ್ಕದಲ್ಲಿ ಅಡಿಕೆ ಎಷ್ಟು ಒಣಗಿದೆ ಎಂದು ನೋಡಲು ಬರುವವರಲ್ಲ ಇವರು. ಅವರಿಗೆ ನಮ್ಮ ಚಿತ್ರ ಬೇಡ, ಡಿವಿಆರಿನೊಳಗಿನ ಪುಟ್ಟ ಕಂಪ್ಯೂಟರ್ ಬೇಕು. ಆದರೆ ಒಳಗೆ ಬಂದವನಿಗೆ ಚಿತ್ರವೂ ಕಾಣುತ್ತದಲ್ಲ.

ನಮ್ಮದರ ಪಾಸ್‌ವರ್ಡ್ ಬದಲಾಯಿಸಿಯೇ ಇತ್ತು, ಯಾರೂ ಒಳಗೆ ಬಂದ ಗುರುತಿರಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಆ ಡಿವಿಆರ್ ಎಂಟು ಅಕ್ಷರಕ್ಕಿಂತ ಉದ್ದದ ಪಾಸ್‌ವರ್ಡ್ ತೆಗೆದುಕೊಳ್ಳುವುದಿಲ್ಲ. ಹೊಸ ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಬರುವುದು ನಿಂತು ವರ್ಷಗಳಾದವು. ಪಾಸ್‌ವರ್ಡೇ ಇಲ್ಲದೆ ಒಳನುಗ್ಗುವ ತೂತು ಪ್ರಸಿದ್ಧ ಕಂಪನಿಗಳ ಯಂತ್ರಗಳಲ್ಲೂ ಸಿಕ್ಕಿದ್ದುಂಟು. ಹಿಕ್‌ವಿಷನ್‌ನ ಕೆಲವು ಮಾಡೆಲ್‌ಗಳಲ್ಲಿ 2017ರಲ್ಲಿ, ಮತ್ತೆ 2021ರಲ್ಲಿ. ಅವರು ಸರಿಪಡಿಸಿದ ಫರ್ಮ್‌ವೇರ್ ಕೊಟ್ಟರು. ನಮ್ಮದಕ್ಕೆ ಕೊಡುವವರು ಯಾರು?

ಹೊರಗಿನ ಪೋರ್ಟನ್ನು 37777ರಿಂದ ಯಾವುದೋ ನೆನಪಿಗೆ ಬಾರದ ನಂಬರಿಗೆ ಬದಲಾಯಿಸಿ ನೋಡಿದೆ. ಗಲಾಟೆ ಕಡಿಮೆಯಾಯಿತು, ನಿಲ್ಲಲಿಲ್ಲ. ಶೋಡಾನ್‌ನಂಥ ಹುಡುಕು ಯಂತ್ರಗಳು 2009ರಿಂದಲೇ ಇಡೀ ಇಂಟರ್ನೆಟ್ಟಿನ ತೆರೆದ ಪೋರ್ಟ್‌ಗಳನ್ನು ಪಟ್ಟಿ ಮಾಡುತ್ತಿವೆ, ನಂಬರ್ ಬದಲಿಸಿದರೆ ಅವುಗಳ ಕಣ್ಣು ತಪ್ಪುವುದಿಲ್ಲ. ನಮ್ಮಿಬ್ಬರ ಐಪಿಗೆ ಮಾತ್ರ ಬಿಡು ಎನ್ನೋಣವೆಂದರೆ ಮೊಬೈಲಿನ ಐಪಿ ಗಳಿಗೆಗೊಂದು. ಕ್ಯಾಮೆರಾ ಹಾಕಿದ ಹುಡುಗನ ಸಲಹೆ ಇನ್ನೂ ಚೆನ್ನ: “ಡಿಎಮ್‌ಝಡ್‌ಗೆ ಹಾಕಿ ಬಿಡಿ ಅಕ್ಕಾ, ಒಂದೂ ತಕರಾರಿರುದಿಲ್ಲ.” ಡಿಎಮ್‌ಝಡ್ ಎಂದರೆ ಒಂದಲ್ಲ, ಎಲ್ಲ ಪೋರ್ಟೂ ಡಿವಿಆರಿಗೆ ಬಿಟ್ಟ ಹಾಗೆ. ತಕರಾರು ಇರುವುದಿಲ್ಲ, ಹೌದು, ಒಳಗೆ ಬರುವವರಿಗೆ. ನಮ್ಮ ಜಿಲ್ಲೆಯಲ್ಲಿ ಎಷ್ಟು ಅಂಗಡಿ, ಬಂಗಲೆಗಳ ಡಿವಿಆರ್ ಹೀಗೆ ಕೂತಿದೆಯೋ ದೇವರಿಗೇ ಗೊತ್ತು.

ಈ ಕಥೆಗೆ ಈಗ ಅಣ್ಣನ ಮಗ ಬಂದ. ಇಂಜಿನಿಯರಿಂಗ್ ಕೊನೆಯ ವರ್ಷ. “ಅತ್ತೆ, ಡಿವಿಆರನ್ನು ಹೊರಗೆ ತೋರಿಸ್ಲೇ ಬೇಡಿ. ವಿಪಿಎನ್ ಒಂದಕ್ಕೆ ಮಾತ್ರ ಪೋರ್ಟ್ ಬಿಡಿ, ನಾವು ಅದ್ರೊಳಗಿಂದ ಮನೆಗೆ ಬಂದು ಡಿವಿಆರ್ ನೋಡುವ” ಎಂದ. ವಿಪಿಎನ್ ಎಂದರೆ ನಮ್ಮವರಿಗೆ ಮಾತ್ರ ತೆರೆಯುವ, ಹೊರಗಿನವರಿಗೆ ಒಳಗೇನೆಂದು ಕಾಣದ ದಾರಿ. ಕಾಲೇಜಿನ ಪ್ರಾಜೆಕ್ಟಿಗೆಂದು ತಂದಿದ್ದ ಅಂಗೈಯಗಲದ ಕಂಪ್ಯೂಟರ್ ರಾಸ್‌ಬೆರಿ ಪೈಯಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿ, ಡಬ್ಬಿಗೆ ಬೈರಾಸು ಸುತ್ತಿ, ಉಡುಪಿ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದ. ವೈರ್‌ಗಾರ್ಡ್ ಈಗ ಲಿನಕ್ಸಿನ ಒಳಗೇ ಬರುತ್ತದೆ, 2020ರ ಮಾರ್ಚಿನ 5.6ನೇ ಆವೃತ್ತಿಯಿಂದ. ಅದರಲ್ಲಿ ಪಾಸ್‌ವರ್ಡ್ ಎಂಬುದಿಲ್ಲ. ಪ್ರತಿ ಫೋನಿಗೂ ಒಂದು ಜೋಡಿ ಕೀ. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಗುಣ: ಸರಿಯಾದ ಕೀ ಇಲ್ಲದೆ ಬಂದವರಿಗೆ ಅದು ಇಲ್ಲ ಎಂದೂ ಹೇಳುವುದಿಲ್ಲ, ಸುಮ್ಮನಿರುತ್ತದೆ. ಹೊರಗಿನಿಂದ ಹುಡುಕುವವನಿಗೆ ಅಲ್ಲಿ ಏನೋ ಇದೆ ಎಂಬುದೇ ತಿಳಿಯುವುದಿಲ್ಲ.

ವರ್ಚುವಲ್ ಸರ್ವರ್ ಪುಟದಲ್ಲಿ ಡಿವಿಆರಿನ ರೂಲ್ ಅಳಿಸಿದೆ. ಅದರ ಜಾಗದಲ್ಲಿ ಪೋರ್ಟ್ 51820, ಪ್ರೊಟೊಕಾಲ್ ಯುಡಿಪಿ, ವಿಳಾಸ ಪೈಯದ್ದು. ಇಲ್ಲಿ ಟಿಸಿಪಿ ಎಂದು ಬಿಟ್ಟರೆ ನಡೆಯುವುದಿಲ್ಲ. ಯುಪಿಎನ್‌ಪಿ ಎಂಬುದನ್ನೂ ಆಫ್ ಮಾಡಿದೆ. ಅದು ಇದ್ದರೆ ಡಿವಿಆರ್ ನಮ್ಮನ್ನು ಕೇಳದೆ ತಾನೇ ರೂಟರಿಗೆ ಹೇಳಿ ಪೋರ್ಟ್ ತೆರೆಸಿಕೊಳ್ಳಬಹುದು. ಫೋನಿಗೆ ಕೀ ಹಾಕುವುದು ಕ್ಯೂಆರ್ ಸ್ಕ್ಯಾನ್ ಮಾಡಿದಷ್ಟೇ ಸುಲಭ. “ಆ ಕ್ಯೂಆರನ್ನು ಫ್ಯಾಮಿಲಿ ಗ್ರೂಪಿಗೆ ಹಾಕ್ಬೇಡಿ ಅತ್ತೆ” ಎಂದು ಹುಡುಗ ಮೊದಲೇ ಎಚ್ಚರಿಸಿದ. ನಮ್ಮ ಗ್ರೂಪಿನ ಅಭ್ಯಾಸ ಅವನಿಗೆ ಗೊತ್ತು.

ನನಗೆ ಒಂದೇ ಏಟಿಗೆ ಬಂತು. ಅಣ್ಣನಿಗೆ ಮಾತ್ರ ವಿಚಿತ್ರ: ಫೋನಿನ ಡೇಟಾದಲ್ಲಿ ಕಾಣುತ್ತದೆ, ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಕಾಣುವುದಿಲ್ಲ. ವಿಪಿಎನ್ ಕನೆಕ್ಟ್ ಆಗಿದೆ ಎನ್ನುತ್ತದೆ, ಡಿವಿಆರ್ ಮಾತ್ರ ಇಲ್ಲ. ತಲೆ ಕೆರೆದು ಕೆರೆದು ಕೊನೆಗೆ ಅವನ ಫ್ಲ್ಯಾಟಿನ ವೈಫೈಯ ವಿಳಾಸ ಕೇಳಿದೆ. ಅದೂ 192.168.1! ಪೇಟೆಯ ಅರ್ಧ ರೂಟರ್‌ಗಳು ಹೊರಡುವುದೇ ಆ ಸಾಲಿನಲ್ಲಿ. ಲ್ಯಾಪ್‌ಟಾಪ್ 192.168.1.200ನ್ನು ಬೊಂಬಾಯಿಯ ಫ್ಲ್ಯಾಟಿನೊಳಗೇ ಹುಡುಕುತ್ತಿತ್ತು. ಊರಿನ ಮನೆಯ ಸಾಲನ್ನು 192.168.57ಕ್ಕೆ ಬದಲಾಯಿಸಿದೆ. ಅಂದರೆ ರೂಟರ್, ಡಿವಿಆರ್, ಅದರ ಗೇಟ್‌ವೇ, ಪೈ, ರೂಲಿನೊಳಗಿನ ವಿಳಾಸ, ವೈರ್‌ಗಾರ್ಡಿನಲ್ಲಿ ಒಳಗೆ ಎಲ್ಲಿಯವರೆಗೆ ಹೋಗಬಹುದೆಂದು ಬರೆದ ಸಾಲು, ಎಲ್ಲ. ಇದನ್ನೇ ಮೊದಲು ಮಾಡಿಬಿಟ್ಟರೆ ಒಂದು ಭಾನುವಾರ ಉಳಿಯುತ್ತದೆ. ವೈರ್‌ಗಾರ್ಡಿನ ಆ ಬರಹದಲ್ಲಿ ಮನೆಯ ವಿಳಾಸಗಳ ಸಾಲು ಮಾತ್ರ ಇರಲಿ. ಇಲ್ಲದಿದ್ದರೆ ಅಣ್ಣ ಬೊಂಬಾಯಿಯಲ್ಲಿ ನೋಡುವ ಸಿನೆಮಾವೆಲ್ಲ ಹಿರಿಯಡ್ಕ ಸುತ್ತಿ ಹೋಗುತ್ತದೆ.

ಈಗ ಅಮ್ಮನ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬಹುದಿತ್ತು. ಕೊಟ್ಟೆ. ಅಮ್ಮ ಕೇಳಿ ಮುಗಿಸಿ, “ಹಿಂಬಾಗಿಲಿಂದು ಬೊಂಬಾಯಿಗೆ ಎಂತಕ್ಕೆ?” ಎಂದರು. ಆ ಕ್ಯಾಮೆರಾಕ್ಕೆ ಬಚ್ಚಲಿನ ದಾರಿಯೂ ಒಗೆಯುವ ಕಲ್ಲೂ ಕಾಣುತ್ತದೆ. ನ್ಯಾಯವೇ. ಡಿವಿಆರಿನಲ್ಲಿ ಅಣ್ಣನಿಗೆ ಬೇರೆ ಯೂಸರ್ ಮಾಡಿ ಮೂರು ಕ್ಯಾಮೆರಾ ಮಾತ್ರ, ನೋಡುವುದಕ್ಕೆ ಮಾತ್ರ, ಅಳಿಸುವ ಬದಲಾಯಿಸುವ ಹಕ್ಕಿಲ್ಲ ಎಂದು ಇಟ್ಟೆ. ಹಟ್ಟಿಯ ಬದಿಯದ್ದರಲ್ಲಿ ಆಚೆಮನೆಯವರು ಬಾವಿಗೆ ಬರುವ ಕಾಲುದಾರಿ ಬೀಳುತ್ತಿತ್ತು. ಪ್ರೈವಸಿ ಮಾಸ್ಕ್ ಹಾಕಿ ಆ ಮೂಲೆಯನ್ನು ಕಪ್ಪು ಮಾಡಿದೆ. ಆಚೆಮನೆಯ ಚಿಕ್ಕಮ್ಮನಿಗೆ ಅಮ್ಮ ಅದನ್ನು ಟಿವಿಯಲ್ಲಿ ಕರೆದು ತೋರಿಸಿದರಂತೆ.

ಮಳೆಗಾಲದ ಮೊದಲಿನ ಗುಡುಗಿಗೆ ಅಮ್ಮ ಮನೆಯ ಪ್ಲಗ್ಗುಗಳನ್ನೆಲ್ಲ ಎಳೆದುಬಿಡುತ್ತಾರೆ. ಫೈಬರಿನ ಗಾಜಿನಲ್ಲಿ ಸಿಡಿಲು ಬರುವುದಿಲ್ಲ, ಆದರೆ ಅಡಾಪ್ಟರಿನ ವಯರಿನಲ್ಲಿ, ಗೇಟಿನ ಕಂಬದಿಂದ ಬರುವ ಕ್ಯಾಮೆರಾದ ತಾಮ್ರದ ವಯರಿನಲ್ಲಿ ಬರುತ್ತದೆ. ಆದ್ದರಿಂದ ಎಳೆಯುವುದೇ ಸರಿ. ನಾವು ಗಾಬರಿಯಾಗಿ ಫೋನ್ ತೆರೆಯುವ ಹೊತ್ತಿಗೇ ಎಲ್ಲ ಕಪ್ಪು ಎಂದು ಅಣ್ಣನ ದೂರು. ಕಪ್ಪಾದರೆ ಅಮ್ಮನಿಗೆ ಫೋನ್ ಮಾಡು ಎಂದಿದ್ದೇನೆ. ಒಮ್ಮೆ ಅಷ್ಟರೊಳಗೇ ಸಿಡಿಲು ಬಡಿದು ಒಎನ್‌ಟಿ ಹೋಯಿತು. ಕೇಬಲಿನ ಹುಡುಗ ಮರುದಿನವೇ ಹೊಸದು ತಂದು ಹಾಕಿದ, ಆದರೆ ಹೊಸದರಲ್ಲಿ ರೂಲೂ ಇಲ್ಲ, 57ರ ಸಾಲೂ ಇಲ್ಲ. ಈಗ ಆ ನಂಬರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಕೀಯನ್ನೂ ಪಾಸ್‌ವರ್ಡನ್ನೂ ಬಿಟ್ಟು, ಕರೆಂಟ್ ಬಿಲ್ಲಿನ ಫೈಲಿನಲ್ಲಿ ಇಟ್ಟಿದೆ.

ಇಷ್ಟೆಲ್ಲ ಆದ ಮೇಲೆ ಅಣ್ಣನ ಮಗ ಹೇಳಿದ, ಟೈಲ್‌ಸ್ಕೇಲ್ ಎಂಬುದೊಂದು ಉಂಟು, ವೈರ್‌ಗಾರ್ಡಿನ ಮೇಲೆಯೇ ಕಟ್ಟಿದ್ದು, ಸಿಜಿನ್ಯಾಟಿನ ಹಿಂದೆ ಇದ್ದರೂ ನಡೆಯುತ್ತದೆ, ಸ್ಟ್ಯಾಟಿಕ್ ಐಪಿಯೂ ಬೇಡ, ಪೋರ್ಟೂ ಬೇಡ, ಮನೆಮಟ್ಟಿಗೆ ದುಡ್ಡಿಲ್ಲ ಎಂದು. ದುಡ್ಡು ಕಟ್ಟುವ ಮೊದಲು ಹೇಳಬಾರದಿತ್ತೇ ಎಂದು ಕೇಳಿದೆ. “ನೀವು ಕೇಳ್ಲಿಲ್ಲ ಅತ್ತೆ.” ಒಳ್ಳೆಯದೇ ಇರಬಹುದು. ಆದರೆ ಅಲ್ಲಿಯೂ ಎರಡು ಕಡೆಗೆ ಪರಿಚಯ ಮಾಡಿಸುವುದು ಇನ್ನೊಂದು ಕಂಪನಿಯ ಸರ್ವರ್. ಹಾಗೊಂದು ಸರ್ವರ್ ನಿಂತದ್ದಕ್ಕೇ ಅಲ್ಲವೇ ನಾನು ಡಿವಿಆರಿನ ಮುಂದೆ ಕೂತದ್ದು. ಸ್ಟ್ಯಾಟಿಕ್ ಐಪಿಯ ವರ್ಷ ಮುಗಿಯುವುದು ದೀಪಾವಳಿಯ ಹೊತ್ತಿಗೆ. ಕೇಬಲಿನವರು ರೇಟು ಎಷ್ಟು ಏರಿಸುತ್ತಾರೆ ನೋಡಿ ಆಗ ತೀರ್ಮಾನಿಸುವ ಎಂದಿದ್ದೇನೆ.